ಕಕ್ಕಡದ ಮಳೆಯೂ ನೂರಕ್ಕೆ 75ರ ಹಾಜರಿಯೂ

ಜುಲೈ ತಿಂಗಳ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಅವಧಿಗೆ ಕೊಡಗಿನಲ್ಲಿ ಕಕ್ಕಡ ಮಾಸವೆಂದು ಹೆಸರು. ಬಯಲುಸೀಮೆಯವರ ಆಷಾಢವೂ ಹೆಚ್ಚುಕಡಮೆ ಇದೇ ಕಾಲದ್ದು. ಆದರೆ ಆಷಾಢದಲ್ಲಿ ಬಯಲುಸೀಮೆಗೆ ಗಾಳಿ ಬರುತ್ತದೆ, ಕಕ್ಕಡದಲ್ಲಿ ಕೊಡಗಿಗೆ ಆಕಾಶವೇ ಇಳಿದು ಬರುತ್ತದೆ. ಈ ತಿಂಗಳಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಗದ್ದೆಯಲ್ಲಿ ನಾಟಿ, ಮನೆಯಲ್ಲಿ ಒಲೆಯ ಮುಂದಿನ ಬೆಚ್ಚನೆಯ ಜಾಗ, ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ—ಇಷ್ಟಕ್ಕೆ ಬದುಕನ್ನು ಅಳವಡಿಸಿಕೊಂಡು ಇಲ್ಲಿಯ ಹಿರಿಯರು ಮಳೆಗಾಲವನ್ನು ಕಳೆಯುತ್ತಿದ್ದರು. ಮಳೆಯೊಡನೆ ಹಟ ಹಿಡಿದು ಗೆದ್ದವರಿಲ್ಲವೆಂಬುದು ಅವರಿಗೆ ಗೊತ್ತಿತ್ತು.

ಈ ತಿಳಿವು ತಲುಪದ ಸ್ಥಳವೊಂದಿದೆ. ಅದು ನಮ್ಮ ಕಾಲೇಜುಗಳ ವೇಳಾಪಟ್ಟಿ. ಪದವಿಪೂರ್ವ ಕಾಲೇಜುಗಳು ಜೂನ್ ತಿಂಗಳಲ್ಲಿ ಬಾಗಿಲು ತೆರೆಯುತ್ತವೆ. ಪದವಿ ತರಗತಿಗಳು ಅವುಗಳ ಬೆನ್ನಿಗೇ ಆರಂಭವಾಗುತ್ತವೆ. ಬೀದರಿನಲ್ಲಿ ಬಾರಿಸುವ ಗಂಟೆಯೇ ಭಾಗಮಂಡಲದ ಹುಡುಗನಿಗೂ ಬಾರಿಸುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರವಿರುವಾಗ ಇಡೀ ರಾಜ್ಯಕ್ಕೆ ಒಂದೇ ಪಂಚಾಂಗವನ್ನು ಹೊಂದಿಸುವುದು ಎಷ್ಟರಮಟ್ಟಿಗೆ ಸಾಧ್ಯವೆಂಬುದನ್ನು ವಾಚಕರೇ ಊಹಿಸಬಹುದು.

ಜಿಲ್ಲಾಧಿಕಾರಿಗಳು ಮಳೆ ರಜೆ ಕೊಡುವುದಿಲ್ಲವೇ ಎಂದು ಕೇಳಬಹುದು. ಕೊಡುತ್ತಾರೆ. ಆದರೆ ಆ ಪ್ರಕಟಣೆಯಲ್ಲಿ ಅಂಗನವಾಡಿ, ಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ಹೆಸರಿದ್ದು, ಪದವಿ ಕಾಲೇಜುಗಳ ಹೆಸರು ಅನೇಕ ಸಲ ಇರುವುದಿಲ್ಲ. ದ್ವಿತೀಯ ಪಿಯುಸಿಯ ತಂಗಿ ಮನೆಯಲ್ಲಿ ಉಳಿಯುವಳು, ಬಿ.ಎ. ಓದುವ ಅಕ್ಕ ಅದೇ ಹೊಳೆಯನ್ನು ದಾಟಿ ತರಗತಿಗೆ ಹೋಗತಕ್ಕದ್ದು. ಹದಿನೆಂಟು ವರ್ಷ ತುಂಬಿದವರನ್ನು ಹೊಳೆ ಗೌರವದಿಂದ ಕಾಣುವುದೆಂದು ಯಾರಾದರೂ ನಂಬಿರಬಹುದೇನೋ! ರಜೆ ಕೊಟ್ಟ ದಿನಗಳನ್ನು ಶನಿವಾರದ ಮಧ್ಯಾಹ್ನಗಳಲ್ಲಿ, ಭಾನುವಾರಗಳಲ್ಲಿ ಸರಿದೂಗಿಸುವ ಪದ್ಧತಿಯೇನೋ ಉಂಟು. ಆ ಭಾನುವಾರ ಹಳ್ಳಿಯಿಂದ ಬಸ್ಸು ಹೊರಡುವುದೇ ಎಂಬುದು ಬೇರೆ ಪ್ರಶ್ನೆ.

ಬಸ್ಸಿನ ಮಾತು ಬಂದುದರಿಂದ ಇನ್ನೊಂದು ಮಾತು. ಕೊಡಗಿನಲ್ಲಿ ರೈಲಿಲ್ಲ. ಹಳ್ಳಿಯ ದಾರಿಗಳಲ್ಲಿ ಬಹುಪಾಲು ಓಡುವವು ಖಾಸಗಿ ಬಸ್ಸುಗಳು. 2023ರ ಜೂನ್ ತಿಂಗಳಲ್ಲಿ ಆರಂಭವಾದ ಶಕ್ತಿ ಯೋಜನೆಯು ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಒದಗಿಸಿತು. ಸರ್ಕಾರಿ ಬಸ್ಸೇ ಬಾರದ ಊರಿನ ಹುಡುಗಿಗೆ ಅದರ ಪ್ರಯೋಜನ ಪತ್ರಿಕೆಯಲ್ಲಿ ಓದುವುದಕ್ಕಷ್ಟೇ. ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ದಾರಿಯಲ್ಲಿ ಒಂದು ಮರ ಉರುಳಿದರೆ ಆ ದಿನದ ಹಾಜರಿ ಹೋಯಿತು.

68 ದಿನಗಳ ಲೆಕ್ಕ

ಹಾಜರಿಯ ನಿಯಮವನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಪದವಿ ತರಗತಿಗಳಲ್ಲಿ ವಿದ್ಯಾರ್ಥಿಯು ಸಾಮಾನ್ಯವಾಗಿ ನೂರಕ್ಕೆ 75 ಹಾಜರಿ ಪಡೆದಿರಬೇಕು; ಇಲ್ಲವಾದರೆ ಪರೀಕ್ಷೆಗೆ ಕೂರುವಂತಿಲ್ಲ. ಅರ್ಧವರ್ಷಕ್ಕೆ 90 ಬೋಧನಾ ದಿನಗಳೆಂದಿಟ್ಟುಕೊಂಡರೆ 68 ದಿನ ಬಂದಿರಲೇಬೇಕು. ಉಳಿಯುವುದು 22 ದಿನ. ಕಕ್ಕಡದ ಮಳೆಗೆ ಹನ್ನೆರಡು ದಿನ ಹೋಯಿತೆನ್ನಿ. ಮಳೆಯ ಬೆನ್ನಿಗೆ ಬರುವ ಜ್ವರಕ್ಕೆ ಒಂದು ವಾರ. ಇನ್ನು ಮೂರು ದಿನ ಉಳಿದವು. ಅದರಲ್ಲಿ ಹುತ್ತರಿ ಹಬ್ಬಕ್ಕೆ ಐನ್‌ಮನೆಗೆ ಹೋಗಬೇಕು, ಸೋದರಮಾವನ ಮಗಳ ಮದುವೆಗೆ ಹೋಗಬೇಕು, ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮೈಸೂರಿನ ಅಥವಾ ಬೆಂಗಳೂರಿನ ವಿದ್ಯಾರ್ಥಿಗೆ ಈ 22 ದಿನಗಳು ಸೋಮಾರಿತನಕ್ಕೂ ಸಿನಿಮಾಕ್ಕೂ ಸಾಕಾಗಿ ಮಿಗುತ್ತವೆ. ಕೊಡಗಿನ ಮಲೆಯ ಮೇಲಿನ ವಿದ್ಯಾರ್ಥಿ ಅವುಗಳನ್ನು ಸೋಮಾರಿತನಕ್ಕೆ ಬಳಸುವ ಮೊದಲೇ ಮಳೆ ಬಳಸಿಬಿಟ್ಟಿರುತ್ತದೆ. ಇಬ್ಬರಿಗೂ ನಿಯಮ ಒಂದೇ ಎಂದು ಹೇಳುವುದು ಕಾಗದದ ಮಟ್ಟಿಗೆ ನಿಜ.

ನನಗೆ ತಿಳಿದ ಒಬ್ಬ ವಿದ್ಯಾರ್ಥಿನಿಯ ವಿಷಯ ಹೇಳುತ್ತೇನೆ. ಊರನ್ನಾಗಲಿ ಕಾಲೇಜನ್ನಾಗಲಿ ಹೆಸರಿಸುವ ಅಗತ್ಯವಿಲ್ಲ. ಪದವಿಯ ಎರಡನೆಯ ವರ್ಷದಲ್ಲಿದ್ದಳು. ಹಳಗನ್ನಡವನ್ನು ಎಡವದೆ ಓದುತ್ತಿದ್ದಳು. ಅದು ಈ ದಿನಗಳಲ್ಲಿ ಅಪರೂಪವೆಂಬುದು ಕನ್ನಡ ಅಧ್ಯಾಪಕರೆಲ್ಲರಿಗೂ ಗೊತ್ತು. ಹಾಜರಿ ನಾಲ್ಕು ದಿನಗಳಷ್ಟು ಕಡಮೆಯಾಯಿತು. ವೈದ್ಯರ ಪ್ರಮಾಣಪತ್ರ ತಂದರೆ ನೋಡೋಣವೆಂದರು. “ನನಗೆ ಕಾಯಿಲೆ ಇರಲಿಲ್ಲ ಸಾರ್, ರಸ್ತೆ ಇರಲಿಲ್ಲ” ಎಂದು ಅವಳು ನಿಜವನ್ನೇ ಹೇಳಿದಳು. ರಸ್ತೆ ಇರಲಿಲ್ಲವೆಂದು ಪ್ರಮಾಣಪತ್ರ ಬರೆದುಕೊಡುವ ವೈದ್ಯರು ಎಲ್ಲಿ ಸಿಕ್ಕಾರು? ಸುಳ್ಳು ಜ್ವರದ ಚೀಟಿ ತಂದ ಇನ್ನಿಬ್ಬರು ಪರೀಕ್ಷೆ ಬರೆದರು. ಅವಳು ಮುಂದಿನ ವರ್ಷ ಬರಲಿಲ್ಲ. ಮದುವೆಯಾಯಿತೆಂದು ತಿಳಿಯಿತು.

ಇಂಥವರು ಎಷ್ಟು ಮಂದಿ? ನಮ್ಮ ಫಲಿತಾಂಶದ ಪಟ್ಟಿಗಳಲ್ಲಿ ಇದಕ್ಕೆ ಉತ್ತರ ದೊರೆಯದು. ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ 2024ರಲ್ಲಿಯೂ 2025ರಲ್ಲಿಯೂ ಕೊಡಗು ರಾಜ್ಯದ ಮೊದಲ ಐದು ಜಿಲ್ಲೆಗಳಲ್ಲಿ ಒಂದಾಗಿತ್ತು. ಸಂತೋಷ, ಆದರೆ ಆ ಶೇಕಡಾವಾರು ಪರೀಕ್ಷೆಗೆ ಕುಳಿತವರ ಲೆಕ್ಕ. ಕೂರದೆ ಉಳಿದವರು, ಕೂರಲು ಬಿಡದೆ ಉಳಿದವರು ಅದರಲ್ಲಿ ತೇರ್ಗಡೆಯೂ ಅಲ್ಲ, ನಪಾಸೂ ಅಲ್ಲ. ಅವರು ಇಲ್ಲವೇ ಇಲ್ಲ. ಮೊದಲ ವರ್ಷ ಪ್ರವೇಶ ಪಡೆದ ನೂರು ಮಂದಿಯಲ್ಲಿ ಎಷ್ಟು ಮಂದಿ ಸಕಾಲದಲ್ಲಿ ಪದವಿಯೊಡನೆ ಹೊರಬಂದರು ಎಂಬ ಪ್ರಶ್ನೆಯನ್ನು ಕಾಲೇಜುಗಳಿಗೆ ನಾವು ಕೇಳುವುದೇ ಇಲ್ಲ. ಕೇಳಿದ್ದರೆ ಹಾಜರಿಯ ನಿಯಮದ ಗುಣದೋಷಗಳು ಎಂದೋ ಬೆಳಕಿಗೆ ಬರುತ್ತಿದ್ದವು.

ಹಾಗೆಂದು ಹಾಜರಿಯ ನಿಯಮವನ್ನೇ ಕಿತ್ತೊಗೆಯಿರಿ ಎಂಬುದು ನನ್ನ ವಾದವಲ್ಲ. 2025ರ ನವೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು, ಕಾನೂನು ವಿದ್ಯಾರ್ಥಿಗಳನ್ನು ಹಾಜರಿಯ ಕೊರತೆಯೊಂದೇ ಕಾರಣದಿಂದ ಪರೀಕ್ಷೆಗೆ ಕೂರದಂತೆ ತಡೆಯಬಾರದೆಂದು ಹೇಳಿತು. ತೀರ್ಪಿನ ಹಿಂದಿನ ಕಳಕಳಿ ದೊಡ್ಡದು. ಆದರೂ ಪಾಠ ಹೇಳುವವನಾಗಿ ನಾನು ಬಲ್ಲ ಸಂಗತಿಯೊಂದಿದೆ: ಎಲ್ಲರಿಗೂ ನಿಯಮ ಸಡಿಲಿಸಿದ ಮರುದಿನ ಮೊದಲು ಖಾಲಿಯಾಗುವುದು ರಸ್ತೆಯಿಲ್ಲದ ಊರಿನವರ ಬೆಂಚಲ್ಲ, ಕಾಲೇಜಿನ ಎದುರು ಮನೆಯವರ ಬೆಂಚು. ನಿಯಮ ಇರಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ನಮಗೆ ಹೆಚ್ಚು ಲಾಭವಿಲ್ಲ. ಯಾವ ರೂಪದಲ್ಲಿ ಇದ್ದರೆ ಹೆಚ್ಚು ಮಂದಿ ಓದಿ ಮುಗಿಸುತ್ತಾರೆ ಎಂಬುದನ್ನು ಕೆಲವು ಕಾಲೇಜುಗಳು ಪ್ರಯೋಗ ಮಾಡಿ ನೋಡಲು ನಾವು ಬಿಡುತ್ತೇವೆಯೇ ಎಂಬುದು ಕೇಳಬೇಕಾದ ಪ್ರಶ್ನೆ.

ಒಮ್ಮೆಗೇ ಎಲ್ಲರಿಗೂ

ನಮ್ಮಲ್ಲಿ ನಿಯಮಗಳು ಬದಲಾಗುವುದೇ ಇಲ್ಲವೆಂದು ದೂರುವವರಿದ್ದಾರೆ. ನಾನು ಒಪ್ಪಲಾರೆ. ಬದಲಾಗುತ್ತವೆ, ಪದೇ ಪದೇ ಬದಲಾಗುತ್ತವೆ. ಆದರೆ ಇಡೀ ರಾಜ್ಯಕ್ಕೆ ಒಂದೇ ದಿನ ಬದಲಾಗುತ್ತವೆ. 2021ರ ಆಗಸ್ಟಿನಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲಿ ಮೊದಲಿಗರಾಗಿ ಜಾರಿಗೆ ತಂದವರು ನಾವು. ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ, ನಾಲ್ಕು ವರ್ಷಕ್ಕೆ ಆನರ್ಸ್. ಬಡವರ ಮಕ್ಕಳಿಗೆ ಇದು ಅನುಕೂಲವೆಂದು ಕೆಲವರು ಹೇಳಿದರು. ನಡುವೆ ಬಿಟ್ಟು ಹೋಗಲು ನಾವೇ ಬಾಗಿಲು ತೆರೆದಂತಾಯಿತೆಂದು ಇನ್ನು ಕೆಲವರು ಹೇಳಿದರು. ಎರಡು ಮಾತುಗಳಲ್ಲಿ ಯಾವುದು ನಿಜವೆಂದು ತಿಳಿಯುವ ದಾರಿ ಇತ್ತೇ? ಹೊಸ ಪದ್ಧತಿಯ ಹತ್ತು ಕಾಲೇಜುಗಳ ಪಕ್ಕದಲ್ಲಿ ಹಳೆಯ ಪದ್ಧತಿಯ ಹತ್ತು ಕಾಲೇಜುಗಳನ್ನು ಉಳಿಸಿಕೊಂಡಿದ್ದರೆ ಇರುತ್ತಿತ್ತು. ಹಾಗೆ ಮಾಡಲಿಲ್ಲ. ಸರ್ಕಾರ ಬದಲಾಯಿತು, ಪ್ರೊಫೆಸರ್ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚಿತವಾಯಿತು, 2024ರ ಮೇ ತಿಂಗಳ ಆದೇಶದಿಂದ 2024–25ನೆಯ ಸಾಲಿಗೆ ಮೂರು ವರ್ಷದ ಪದವಿ ಮರಳಿ ಬಂದಿತು. ಅದೂ ಎಲ್ಲರಿಗೂ ಒಮ್ಮೆಗೇ. ಆ ವರ್ಷ ನಮ್ಮ ಕಾರಿಡಾರಿನಲ್ಲಿ ಮೊದಲ ಕೊಠಡಿಯಲ್ಲಿ ಒಂದು ನೀತಿ, ಪಕ್ಕದ ಕೊಠಡಿಯಲ್ಲಿ ಇನ್ನೊಂದು ನೀತಿ. ಯಾವ ತರಗತಿಗೆ ಯಾವ ಪಠ್ಯವೆಂದು ಬಾಗಿಲ ಬಳಿ ನಿಂತು ಜ್ಞಾಪಿಸಿಕೊಂಡು ಒಳಗೆ ಹೋಗುವ ಅಭ್ಯಾಸ ಅಧ್ಯಾಪಕರಿಗೆಲ್ಲ ಆಯಿತು. 2021, 2022, 2023—ಮೂರು ವರ್ಷಗಳ ವಿದ್ಯಾರ್ಥಿಗಳ ಮೇಲೆ ಪ್ರಯೋಗವೇನೋ ನಡೆಯಿತು. ಅದರಿಂದ ಏನು ಕಲಿತೆವೆಂದು ಹೇಳಬಲ್ಲವರು ನನಗೆ ಸಿಕ್ಕಿಲ್ಲ.

ಪಿಯುಸಿಯ ಮೂರು ಪರೀಕ್ಷೆಗಳ ಪದ್ಧತಿಯ ಕಥೆ ಇದಕ್ಕಿಂತ ಮೇಲು. 2024ರಲ್ಲಿ ವಿದ್ಯಾರ್ಥಿಗೆ ವರ್ಷದಲ್ಲಿ ಮೂರು ಅವಕಾಶ ದೊರೆಯಿತು. ಯಾವುದರಲ್ಲಿ ಹೆಚ್ಚು ಅಂಕವೋ ಅದೇ ಗಣನೆಗೆ. ಇದನ್ನು ನಾನು ಮನಸಾರೆ ಸ್ವಾಗತಿಸಿದವನು. ಒಂದು ಬೆಳಗಿನ ಜ್ವರದಿಂದ ಒಂದು ವರ್ಷ ಹಾಳಾಗುವ ಕ್ರೂರತೆ ಇದರಿಂದ ಎಷ್ಟೋ ತಗ್ಗಿತು. ಆದರೂ ನೋಡಿ: ಮೊದಲ ಪರೀಕ್ಷೆಯ ಫಲಿತಾಂಶ 2024ರಲ್ಲಿ ರಾಜ್ಯಕ್ಕೆ ಶೇಕಡ 81.15 ಇದ್ದುದು 2025ರಲ್ಲಿ 73.45ಕ್ಕೆ ಇಳಿಯಿತು. ಪ್ರಶ್ನೆಪತ್ರಿಕೆ ಕಠಿಣವಾಯಿತೇ? ಮೇಲ್ವಿಚಾರಣೆ ಬಿಗಿಯಾಯಿತೇ? ಮುಂದೆ ಇನ್ನೆರಡು ಅವಕಾಶವಿದೆಯೆಂದು ಹುಡುಗರು ಮೊದಲನೆಯದನ್ನು ಹಗುರವಾಗಿ ಕಂಡರೇ? ಊರಿಗೊಂದು ಊಹೆ. ಹೋಲಿಸಿ ನೋಡಲು ಹಳೆಯ ಪದ್ಧತಿಯ ಒಂದು ಕಾಲೇಜೂ ರಾಜ್ಯದಲ್ಲಿ ಉಳಿದಿರಲಿಲ್ಲ. ಇನ್ನೊಂದು ವಿನೋದವೆಂದರೆ 2024ರ ಮೂರನೆಯ ಪರೀಕ್ಷೆ ಜೂನ್ ಕೊನೆಯಲ್ಲಿ ಆರಂಭವಾಗಿ ಜುಲೈಯಲ್ಲಿ ಮುಗಿಯಿತು. ಕೊಡಗಿನ ವಿದ್ಯಾರ್ಥಿಗೆ ಕೊನೆಯ ಅವಕಾಶ ದೊರೆತದ್ದು ಕೊಡೆ ಹಿಡಿದುಕೊಂಡೇ.

ಬಹುಮಾನವಾಗಿ ಸ್ವಾತಂತ್ರ್ಯ

ಕಾಲೇಜುಗಳಿಗೆ ನಿಯಮಗಳನ್ನು ಸ್ವತಃ ಪರೀಕ್ಷಿಸುವ ಸ್ವಾತಂತ್ರ್ಯ ಕೊಡಬೇಕೆಂಬ ವಿಚಾರ ಹೊಸದಲ್ಲ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗ (1964–66) ಆಯ್ದ ಕಾಲೇಜುಗಳಿಗೆ ಸ್ವಾಯತ್ತತೆ ನೀಡಬೇಕೆಂದು ಸಲಹೆ ಮಾಡಿತ್ತು. 1978ರಲ್ಲಿ ತಮಿಳುನಾಡಿನ ಕೆಲವು ಕಾಲೇಜುಗಳಿಗೆ ಅದು ದೊರೆಯಿತು. ಮದರಾಸಿನ ಲಯೋಲ ಕಾಲೇಜು, ಮದರಾಸು ಕ್ರಿಶ್ಚಿಯನ್ ಕಾಲೇಜು ಅವುಗಳಲ್ಲಿ ಸೇರಿದ್ದವು. 1986ರ ರಾಷ್ಟ್ರೀಯ ನೀತಿಯು ಸುಮಾರು 500 ಸ್ವಾಯತ್ತ ಕಾಲೇಜುಗಳ ಕನಸು ಕಂಡಿತು. ಇಂದು ಕರ್ನಾಟಕದಲ್ಲಿಯೂ ಹಲವು ಪ್ರಸಿದ್ಧ ಕಾಲೇಜುಗಳು ಸ್ವಾಯತ್ತವಾಗಿ ತಮ್ಮ ಪಠ್ಯ, ತಮ್ಮ ಪರೀಕ್ಷೆ, ತಮ್ಮ ವೇಳೆಗಳನ್ನು ತಾವೇ ಗೊತ್ತುಮಾಡಿಕೊಳ್ಳುತ್ತವೆ.

ಆದರೆ ಈ ಸ್ವಾತಂತ್ರ್ಯ ಬಹುಮಾನದ ರೂಪದಲ್ಲಿ ಬರುತ್ತದೆ. ಮೌಲ್ಯಮಾಪನದಲ್ಲಿ ಉತ್ತಮ ಶ್ರೇಣಿ ಪಡೆದ ಕಾಲೇಜಿಗೆ ಮಾತ್ರ ಅದು ಲಭ್ಯ. ಶ್ರೇಣಿ ಬರುವುದು ಕಟ್ಟಡ, ಗ್ರಂಥಾಲಯ, ಸಂಶೋಧನೆ, ಫಲಿತಾಂಶ ಎಲ್ಲ ಚೆನ್ನಾಗಿರುವ ಕಡೆಗೆ. ಒಟ್ಟಿನಲ್ಲಿ, ಹಳೆಯ ನಿಯಮದಲ್ಲಿಯೇ ಚೆನ್ನಾಗಿ ನಡೆಯುತ್ತಿರುವವರಿಗೆ ಹೊಸ ನಿಯಮ ಮಾಡಿಕೊಳ್ಳುವ ಅಧಿಕಾರ. ಹಳೆಯ ನಿಯಮದಿಂದ ತೊಂದರೆಪಡುತ್ತಿರುವ ಮಲೆನಾಡಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಆ ಅಧಿಕಾರವಿಲ್ಲ. ಜ್ವರ ಬಿಟ್ಟ ಮೇಲೆ ಔಷಧ ಕೊಡುತ್ತೇನೆನ್ನುವ ಪಂಡಿತರ ರೀತಿ ಇದು.

ಕೊಡಗಿಗೆ ಕಾಲೇಜು ಬಂದದ್ದೇ 1949ರಲ್ಲಿ, ಮಡಿಕೇರಿಯಲ್ಲಿ. ಈಗ ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪನವರ ಹೆಸರನ್ನು ಹೊತ್ತಿರುವ ಕಾಲೇಜೇ ಅದು. ಅದಕ್ಕೆ ಮೊದಲು ಮೇಲಿನ ವ್ಯಾಸಂಗ ಬೇಕೆಂದವರು ಘಟ್ಟವಿಳಿದು ಮಂಗಳೂರಿಗೋ ಮೈಸೂರಿಗೋ ಮದರಾಸಿಗೋ ಹೋಗಬೇಕಿತ್ತು. ಕಾರ್ಯಪ್ಪನವರೇ ಮಡಿಕೇರಿಯಲ್ಲಿ ಶಾಲೆ ಮುಗಿಸಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದವರು. ಅಂದು ಉಳ್ಳವರ ಮಕ್ಕಳು ಹೋದರು, ಹಾಸ್ಟೆಲಿನಲ್ಲಿ ಉಳಿದರು, ಓದಿದರು. ಮಳೆ ಅವರ ಹಾಜರಿಗೆ ಅಡ್ಡ ಬರಲಿಲ್ಲ. ಇಂದು ಕಾಲೇಜು ಮೆಟ್ಟಿಲಿಳಿದು ಹಳ್ಳಿಯವರೆಗೆ ಬಂದಿದೆ. ಲೈನ್‌ಮನೆಯ ಕೂಲಿಯವರ ಮಗಳೂ ಪ್ರವೇಶ ಪಡೆಯುತ್ತಾಳೆ. ಆದರೆ ನಿಯಮಗಳು ಹಾಸ್ಟೆಲಿನಲ್ಲಿ ಉಳಿದವನಿಗೆ ಬರೆದವುಗಳಾಗಿಯೇ ಇವೆ.

ಲೈನ್‌ಮನೆಯ ಮಾತು ಬಂದಾಗ ಕಾಫಿಯನ್ನು ಬಿಡಲಾಗದು. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಕೊಡಗಿನದು. ಅರೇಬಿಕಾ ಹಣ್ಣಿನ ಕೊಯ್ಲು ನವೆಂಬರ್–ಡಿಸೆಂಬರಿನಲ್ಲಿ ಆರಂಭವಾದರೆ ರೊಬಸ್ಟಾ ಜನವರಿಯಿಂದ ಮಾರ್ಚಿಯವರೆಗೆ ನಡೆಯುತ್ತದೆ. ಕಿಲೋ ಲೆಕ್ಕದಲ್ಲಿ ಕೂಲಿ. ಕುಟುಂಬದ ಕೈಗಳು ಎಷ್ಟಿದ್ದರೆ ಅಷ್ಟು ಹಣ. ವರ್ಷದ ಸಾಲ ತೀರುವುದು, ಮಳೆಗಾಲದ ಅಕ್ಕಿಗೆ ಕಾಸು ಉಳಿಯುವುದು ಈ ಮೂರು ತಿಂಗಳಲ್ಲೇ. ಕಾಲೇಜಿಗೆ ಹೋಗುವ ಮಗ ವಾರಕ್ಕೆರಡು ದಿನ ತೋಟಕ್ಕೆ ಬಂದರೆ ಅವನ ಪರೀಕ್ಷಾ ಶುಲ್ಕ ಹೊರಡುತ್ತದೆ. ಆದರೆ ಶುಲ್ಕ ಕಟ್ಟುವ ಹೊತ್ತಿಗೆ ಹಾಜರಿ ಹೋಗಿರುತ್ತದೆ. ಸಣ್ಣ ಹಿಡುವಳಿಯ ಬೆಳೆಗಾರರ ಮನೆಯಲ್ಲಿಯೂ ಇದೇ ಕಷ್ಟ ಬೇರೊಂದು ರೂಪದಲ್ಲಿದೆ: ಆಳು ಸಿಗದ ವರ್ಷ ಮಗನೇ ಆಳು, ಕಣ ಕಾಯುವವನೂ ಅವನೇ. ಇವರನ್ನೆಲ್ಲ ಅಶಿಸ್ತಿನವರೆಂದು ಒಂದೇ ಪಟ್ಟಿಯಲ್ಲಿ ಬರೆದು ಸೂಚನಾ ಫಲಕಕ್ಕೆ ಅಂಟಿಸುವುದು ಸುಲಭ. ಆ ಪಟ್ಟಿಯನ್ನು ಓದುವಾಗ ಮಾತ್ರ ಅಧ್ಯಾಪಕನಿಗೆ ಹೆಸರುಗಳ ಹಿಂದಿನ ಮುಖಗಳು ಕಾಣುತ್ತವೆ.

ಬೇರೆ ಕಡೆ

ಒಂದೇ ರಾಜ್ಯದಲ್ಲಿ ಎರಡು ಪಂಚಾಂಗ ಸಾಧ್ಯವೇ ಎಂದು ಹುಬ್ಬೇರಿಸುವವರು ಹಿಮಾಚಲ ಪ್ರದೇಶವನ್ನು ನೋಡಬಹುದು. ಅಲ್ಲಿ ಬೇಸಿಗೆ ರಜೆಯ ಶಾಲೆಗಳೇ ಬೇರೆ, ಚಳಿಗಾಲದ ರಜೆಯ ಶಾಲೆಗಳೇ ಬೇರೆ. ಹಿಮ ಬೀಳುವ ಊರಿನಲ್ಲಿ ಹಿಮದ ಕಾಲಕ್ಕೆ ರಜೆ, ಬಿಸಿಲಿನ ಊರಿನಲ್ಲಿ ಬಿಸಿಲಿಗೆ ರಜೆ. ಇದರಿಂದ ಆ ರಾಜ್ಯದ ಆಡಳಿತ ಕುಸಿದುಬಿದ್ದಿಲ್ಲ. ನಮ್ಮ ನೆರೆಯ ಕೇರಳದಲ್ಲಿ 2025ರ ಜುಲೈ ಕೊನೆಯಲ್ಲಿ ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿಯವರು, ಏಪ್ರಿಲ್–ಮೇ ತಿಂಗಳ ಶಾಲಾ ರಜೆಯನ್ನು ಮಳೆ ಸುರಿಯುವ ಜೂನ್–ಜುಲೈಗೆ ಸರಿಸಬಹುದೇ ಎಂದು ಸಾರ್ವಜನಿಕರ ಅಭಿಪ್ರಾಯ ಕೇಳಿದರು. ಕುಟ್ಟ, ಮಾಕುಟ್ಟಗಳ ಆಚೆ ಬೀಳುವ ಮಳೆಯೇ ಈಚೆಗೂ ಬೀಳುವುದು. ಪ್ರಶ್ನೆ ಮಾತ್ರ ಗಡಿ ದಾಟಿ ಬಂದಿಲ್ಲ.

ನಿಯಮವನ್ನು ಪ್ರಯೋಗವಾಗಿ ಸಡಿಲಿಸಿ ನೋಡುವ ಕ್ರಮಬದ್ಧವಾದ ವ್ಯವಸ್ಥೆಯನ್ನು ಅಮೆರಿಕದವರು ಮಾಡಿಕೊಂಡಿದ್ದಾರೆ. ಅಲ್ಲಿಯ ಶಿಕ್ಷಣ ಇಲಾಖೆಗೆ, ವಿದ್ಯಾರ್ಥಿ ನೆರವಿನ ನಿಯಮಗಳಲ್ಲಿ ಕೆಲವನ್ನು ಆಯ್ದ ಕಾಲೇಜುಗಳ ಮಟ್ಟಿಗೆ ಮಾತ್ರ ಬದಿಗಿಟ್ಟು ಪರಿಣಾಮ ನೋಡುವ ಅಧಿಕಾರವನ್ನು ಶಾಸನವೇ ಕೊಟ್ಟಿದೆ. ಒಂದು ಉದಾಹರಣೆ: ಬಡ ವಿದ್ಯಾರ್ಥಿಗಳಿಗೆ ದೊರೆಯುವ ಪೆಲ್ ಅನುದಾನವನ್ನು ಸೆರೆಮನೆಯಲ್ಲಿರುವವರಿಗೆ ಕೊಡಬಾರದೆಂದು 1994ರಲ್ಲಿ ಕಾನೂನಾಗಿತ್ತು. 2015ರಲ್ಲಿ ಇಲಾಖೆ ಪ್ರಯೋಗವನ್ನು ಘೋಷಿಸಿ, ಮರುವರ್ಷ 67 ಕಾಲೇಜುಗಳನ್ನು ಆರಿಸಿತು. ಕೈದಿಗಳು ಓದಿದರು, ಜನ ನೋಡಿದರು. 2020ರ ಡಿಸೆಂಬರಿನಲ್ಲಿ ಸಂಸತ್ತು ಆ ನಿಷೇಧವನ್ನೇ ತೆಗೆದುಹಾಕಿತು; 2023ರ ಜುಲೈಯಿಂದ ಅದು ಜಾರಿಗೆ ಬಂದಿತು. ಮೊದಲು ಚಿಕ್ಕದಾಗಿ ಮಾಡಿ ನೋಡಿದುದರಿಂದ ದೊಡ್ಡ ಬದಲಾವಣೆಗೆ ಧೈರ್ಯ ಬಂದಿತು.

ನ್ಯೂಯಾರ್ಕ್ ನಗರದ ವಿಶ್ವವಿದ್ಯಾನಿಲಯ 2007ರಲ್ಲಿ ಆರಂಭಿಸಿದ ಇನ್ನೊಂದು ಯೋಜನೆ ನಮಗೆ ಇನ್ನೂ ಹತ್ತಿರದ್ದು. ಎರಡು ವರ್ಷದ ಕಾಲೇಜುಗಳಲ್ಲಿ ನಡುವೆಯೇ ಓದು ಬಿಡುತ್ತಿದ್ದ ಬಡ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕದ ನೆರವು, ಪದೇ ಪದೇ ಭೇಟಿಯಾಗುವ ಒಬ್ಬ ಸಲಹೆಗಾರ, ಬಸ್ಸು ರೈಲುಗಳಿಗೆ ಉಚಿತ ಪ್ರಯಾಣದ ಕಾರ್ಡು. ಪ್ರತಿಯಾಗಿ ಅವರು ಪೂರ್ಣಾವಧಿ ಓದಬೇಕು, ಸಲಹೆಗಾರರನ್ನು ತಪ್ಪದೆ ಕಾಣಬೇಕು. ಮೂರು ಕಾಲೇಜುಗಳ ಸುಮಾರು 900 ವಿದ್ಯಾರ್ಥಿಗಳಲ್ಲಿ ಚೀಟಿ ಎತ್ತಿದಂತೆ ಕೆಲವರನ್ನು ಯೋಜನೆಗೂ ಉಳಿದವರನ್ನು ಸಾಮಾನ್ಯ ಪದ್ಧತಿಗೂ ಸೇರಿಸಿ ಲೆಕ್ಕವಿಟ್ಟರು. ಮೂರು ವರ್ಷಗಳ ಬಳಿಕ ಸಾಮಾನ್ಯ ಪದ್ಧತಿಯವರಲ್ಲಿ ಶೇಕಡ 22 ಮಂದಿ ಪದವಿ ಪಡೆದಿದ್ದರೆ ಯೋಜನೆಯವರಲ್ಲಿ ಶೇಕಡ 40 ಮಂದಿ ಪಡೆದಿದ್ದರು. ಅಲ್ಲಿ ನಿಯಮ ಕೆಲವು ಕಡೆ ಸಡಿಲವಾಯಿತು, ಕೆಲವು ಕಡೆ ಬಿಗಿಯೂ ಆಯಿತು. ಪ್ರಯಾಣದ ಕಾರ್ಡಿನ ಸಂಗತಿ ಓದಿದಾಗ ನನಗೆ ಕೊಡಗಿನ ಬಸ್ ನಿಲ್ದಾಣಗಳಲ್ಲಿ ಒದ್ದೆಯಾಗಿ ನಿಲ್ಲುವ ಹುಡುಗಿಯರ ನೆನಪಾಯಿತು.

ಕೊಡಗಿನಲ್ಲಿ ಏನು ಮಾಡಬಹುದು?

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ, ಕುಶಾಲನಗರ—ಇಲ್ಲೆಲ್ಲ ಪದವಿ ಕಾಲೇಜುಗಳಿವೆ. ಇವುಗಳಲ್ಲಿ ಒಪ್ಪಿದ ನಾಲ್ಕೈದಕ್ಕೆ ಮೂರು ವರ್ಷಗಳ ಮಟ್ಟಿಗೆ ಅನುಮತಿ ಕೊಡಲಿ. ಕಕ್ಕಡದ ನಾಲ್ಕು ವಾರ ಕಾಲೇಜು ಮುಚ್ಚಲಿ. ಆ ಪಾಠಗಳು ಏಪ್ರಿಲ್–ಮೇ ತಿಂಗಳಲ್ಲಿ ನಡೆಯಲಿ, ಕೊಡಗಿನ ಏಪ್ರಿಲು ರಾಯಚೂರಿನ ಏಪ್ರಿಲಲ್ಲವಷ್ಟೆ. ಹಾಜರಿಯನ್ನು ಅರ್ಧವರ್ಷಕ್ಕೆ ಎಣಿಸುವ ಬದಲು ಇಡೀ ವರ್ಷಕ್ಕೆ ಎಣಿಸಲಿ. ಮಳೆಯಲ್ಲಿ ಕಳೆದುಕೊಂಡದ್ದನ್ನು ವಿದ್ಯಾರ್ಥಿ ಬಿಸಿಲಿನಲ್ಲಿ ಗಳಿಸಿಕೊಳ್ಳಲಿ. ಒಂದು ಕಾಲೇಜು ಕೊಯ್ಲಿನ ಕಾಲದಲ್ಲಿ ಬೆಳಗಿನ ತರಗತಿಗಳನ್ನೇ ನಡೆಸಿ ನೋಡಲಿ. ಆಟಗಾರರಿಗೂ ಎನ್.ಸಿ.ಸಿ.ಯವರಿಗೂ ಹಾಜರಿಯಲ್ಲಿ ರಿಯಾಯಿತಿ ಕೊಡುವ ಪದ್ಧತಿ ಇದ್ದೇ ಇದೆ. ರಸ್ತೆ ಮುಚ್ಚಿದ ದಿನಕ್ಕೆ ಗ್ರಾಮ ಪಂಚಾಯಿತಿಯ ಒಂದು ಸಾಲಿನ ಪತ್ರ ಸಾಕೆಂದು ಮತ್ತೊಂದು ಕಾಲೇಜು ಹೇಳಲಿ. ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ ಇರಲಿ, ಮೌಲ್ಯಮಾಪನ ಹೊರಗಿನವರಿಂದ ಆಗಲಿ.

ಮುಖ್ಯವಾದುದು ಲೆಕ್ಕ. ಪ್ರಯೋಗಕ್ಕೆ ಮೊದಲೇ ಏನನ್ನು ಎಣಿಸುವೆವೆಂದು ಬರೆದಿಡಬೇಕು: ಮೊದಲ ವರ್ಷ ಸೇರಿದವರೆಷ್ಟು, ಎರಡನೆಯ ವರ್ಷಕ್ಕೆ ಬಂದವರೆಷ್ಟು, ಪರೀಕ್ಷೆಗೆ ಕೂರದಂತೆ ತಡೆಯಲ್ಪಟ್ಟವರೆಷ್ಟು, ಸಕಾಲದಲ್ಲಿ ಪದವಿ ಪಡೆದವರೆಷ್ಟು. ಹಳೆಯ ನಿಯಮದಲ್ಲಿಯೇ ಮುಂದುವರಿದ ನೆರೆಯ ಕಾಲೇಜುಗಳ ಲೆಕ್ಕವೂ ಪಕ್ಕದಲ್ಲಿರಬೇಕು. ಪ್ರತಿವರ್ಷ ಅದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಕು, ಹೊಗಳಿಕೆ ಬಂದರೂ ತೆಗಳಿಕೆ ಬಂದರೂ. ಪ್ರಯೋಗ ಸೋತರೆ ಹಳೆಯ ನಿಯಮಕ್ಕೆ ಮರಳುವುದರಲ್ಲಿ ಅವಮಾನವಿಲ್ಲ. ಆ ಸೋಲಿನ ವಿವರ ನೆರೆಯ ಜಿಲ್ಲೆಗೆ ಉಪಯೋಗಕ್ಕೆ ಬರುತ್ತದೆ.

ಆಕ್ಷೇಪಗಳಿಲ್ಲದೆ ಇಲ್ಲ. ಸ್ವಾತಂತ್ರ್ಯ ಕೊಟ್ಟರೆ ಕಾಲೇಜುಗಳು ಎಲ್ಲರನ್ನೂ ತೇರ್ಗಡೆ ಮಾಡಿ ಹೆಸರು ಗಳಿಸುವುವು ಎಂಬ ಭಯ ನಿರಾಧಾರವಲ್ಲ. ಅದಕ್ಕಾಗಿಯೇ ಪರೀಕ್ಷೆ ಸಾಮಾನ್ಯವಾಗಿರಬೇಕೆಂದದ್ದು. ಊರಿಗೊಂದು ನ್ಯಾಯವಾದರೆ ವಿದ್ಯಾರ್ಥಿ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವುದು ಹೇಗೆಂದು ಕೇಳುತ್ತಾರೆ. ಇದು ಕಚೇರಿಯ ತೊಡಕು, ಕಚೇರಿಯವರು ಬಿಡಿಸಬಲ್ಲರು. ಅತ್ಯಂತ ಜೋರಾದ ಆಕ್ಷೇಪ ಬರುವುದು ಬಹುಶಃ ನನ್ನ ಸಹೋದ್ಯೋಗಿಗಳಿಂದಲೇ: ಬೇಸಿಗೆ ರಜೆ ಹೋದರೆ ಅಧ್ಯಾಪಕರು ತವರೂರಿಗೆ ಹೋಗುವುದು ಯಾವಾಗ, ಬೇರೆ ಜಿಲ್ಲೆಯಲ್ಲಿ ಓದುವ ಅವರ ಮಕ್ಕಳಿಗೆ ರಜೆ ಇರುವುದು ಮೇ ತಿಂಗಳಲ್ಲಲ್ಲವೇ? ನ್ಯಾಯವಾದ ಪ್ರಶ್ನೆ. ಒಪ್ಪಿದ ಕಾಲೇಜುಗಳಲ್ಲಿ ಮಾತ್ರ ಪ್ರಯೋಗವೆಂದದ್ದು ಇದಕ್ಕೂ ಸೇರಿಯೇ.

ಅನುಮತಿ ಕೊಡುವವರು ಯಾರು ಎಂಬುದು ಇನ್ನೂ ಬಿಗಿಯಾದ ಗಂಟು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಕೊಡಗು ಅದರ ವ್ಯಾಪ್ತಿಗೆ ಬಂದಿತು. 2023ರಲ್ಲಿ ಚಿಕ್ಕಅಳುವಾರದಲ್ಲಿ ಕೊಡಗಿನದೇ ವಿಶ್ವವಿದ್ಯಾನಿಲಯ ಆರಂಭವಾಯಿತು. ಹೆಚ್ಚು ಕಾಲೇಜುಗಳಿಲ್ಲದ, ಒಂದೇ ಬೆಟ್ಟಸಾಲಿನ ಚಿಕ್ಕ ವಿಶ್ವವಿದ್ಯಾನಿಲಯ. ಇಂಥ ಪ್ರಯೋಗಕ್ಕೆ ಇದಕ್ಕಿಂತ ಅನುಕೂಲವಾದುದನ್ನು ಕಲ್ಪಿಸುವುದು ಕಷ್ಟ. ಆದರೆ 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು, ಹೊಸದಾಗಿ ಆರಂಭವಾದ ಹತ್ತರಲ್ಲಿ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಂದುವರಿಸುವುದು ಕಾರ್ಯಸಾಧ್ಯವಲ್ಲವೆಂಬ ಅಭಿಪ್ರಾಯಕ್ಕೆ ಬಂದಿತು. ಆ ಒಂಬತ್ತರಲ್ಲಿ ಕೊಡಗೂ ಸೇರಿತ್ತು. ಹಣ, ಅಧ್ಯಾಪಕರ ಹುದ್ದೆ, ಕಟ್ಟಡಗಳ ಲೆಕ್ಕದಲ್ಲಿ ಆ ಚರ್ಚೆ ನಡೆಯಿತು. ಚಿಕ್ಕ ವಿಶ್ವವಿದ್ಯಾನಿಲಯ ತನ್ನ ನೆಲದ ಮಳೆಗೂ ಬೆಳೆಗೂ ತಕ್ಕ ನಿಯಮ ಮಾಡಬಲ್ಲದೇ ಎಂಬುದನ್ನು ಆ ಲೆಕ್ಕದಲ್ಲಿ ಯಾರೂ ಸೇರಿಸಿದಂತೆ ಕಾಣಲಿಲ್ಲ. ಮುದ್ರೆ ಯಾವ ವಿಶ್ವವಿದ್ಯಾನಿಲಯದ್ದೇ ಆಗಲಿ, ಅನುಮತಿಯ ಪತ್ರವೊಂದು ಮಲೆಗೆ ಬಂದರೆ ಸಾಕು.

ಇಷ್ಟೆಲ್ಲ ಆದ ಮೇಲೂ ಒಂದು ಅಡಚಣೆ ಉಳಿಯುತ್ತದೆ. ಇದನ್ನು ನನಗೆ ತೋರಿಸಿಕೊಟ್ಟವರು ನಮ್ಮ ವಿದ್ಯಾರ್ಥಿಗಳೇ. ಏಪ್ರಿಲ್–ಮೇ ಕೊಡವ ಕುಟುಂಬಗಳ ಹಾಕಿ ಉತ್ಸವದ ಕಾಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಆ ಪಂದ್ಯಾವಳಿಯಲ್ಲಿ, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ, 360 ಕುಟುಂಬಗಳು ಆಡಿದವು. ಮಳೆಗಾಲದಲ್ಲಿ ಬಿಟ್ಟ ಪಾಠವನ್ನು ಏಪ್ರಿಲಿನಲ್ಲಿ ಹೇಳಲು ನಾವು ಸಿದ್ಧರಾಗಿ ನಿಂತಾಗ ಎದುರಿನ ಬೆಂಚುಗಳಲ್ಲಿ ಎಷ್ಟು ಮಂದಿ ಇರುತ್ತಾರೆ, ನಾಪೋಕ್ಲುವಿನಂಥ ಮೈದಾನದಲ್ಲಿ ಎಷ್ಟು ಮಂದಿ ಇರುತ್ತಾರೆ? ಮೊದಲ ವರ್ಷದ ಲೆಕ್ಕದಲ್ಲಿ ಇದಕ್ಕೂ ಒಂದು ಕಲಮು ಬೇಕಾದೀತು.